ಎಲೈಜಾ ಪ್ಯಾರಿಷ್ ಲವ್‌ಜಾಯ್

ಎಲೈಜಾ ಪ್ಯಾರಿಷ್ ಲವ್‌ಜಾಯ್ (9 ನವೆಂಬರ್ 1802 – 7 ನವೆಂಬರ್ 1837) ಅಮೆರಿಕ ಸಂಯುಕ್ತ ಸಂಸ್ಥಾನದ ಪತ್ರಿಕಾ ಸಂಪಾದಕ ಹಾಗೂ ಪ್ರೆಸ್ಬಿಟೇರಿಯನ್ ಪಾದ್ರಿ. ಇಲಿನಾಯ್ ರಾಜ್ಯದಲ್ಲಿ ಮಿಸಿಸಿಪಿ ನದಿಯ ದಡದ ಮೇಲಿರುವ ಆಲ್ಟನ್ ಎಂಬ ಸಣ್ಣ ಪಟ್ಟಣದಿಂದ ‘ಆಲ್ಟನ್ ಅಬ್ಸರ್ವರ್’ ವಾರಪತ್ರಿಕೆಯನ್ನು ಹೊರಡಿಸುತ್ತಿದ್ದ. ಗುಲಾಮಗಿರಿಯನ್ನು ಖಂಡಿಸಿ ಬರೆದ ಕಾರಣಕ್ಕೆ ಈತನ ಮೂರು ಮುದ್ರಣಯಂತ್ರಗಳು ನಾಶವಾದವು. ನಾಲ್ಕನೆಯದನ್ನು ಕಾಯುತ್ತಿದ್ದಾಗ ಉದ್ರಿಕ್ತ ಗುಂಪಿನ ಗುಂಡಿಗೆ ಬಲಿಯಾದ. ಈತನ ಸಮಾಧಿ ಬಹುಕಾಲ ಗುರುತಿನ ಕಲ್ಲೂ ಇಲ್ಲದೆ ಉಳಿದಿತ್ತು.

ಆರಂಭಿಕ ಜೀವನ

ಮೇನ್ ರಾಜ್ಯದ ಆಲ್ಬಿಯನ್ ಬಳಿಯ ಕೃಷಿಕುಟುಂಬವೊಂದರಲ್ಲಿ ಲವ್‌ಜಾಯ್ ಜನಿಸಿದ. ತಂದೆ ಡೇನಿಯಲ್ ಪಾದ್ರಿಯೂ ರೈತನೂ ಆಗಿದ್ದ. ಇಂದು ಕೋಲ್ಬಿ ಕಾಲೇಜು ಎಂದು ಹೆಸರಾಗಿರುವ ವಾಟರ್‌ವಿಲ್ ಕಾಲೇಜಿನಿಂದ 1826ರಲ್ಲಿ ಪದವಿ ಪಡೆದು, ಮರುವರ್ಷ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರಕ್ಕೆ ಬಂದ. ಅಲ್ಲಿ ಮೊದಲು ಶಾಲೆ ನಡೆಸಿ, ಅನಂತರ ‘ಸೇಂಟ್ ಲೂಯಿಸ್ ಟೈಮ್ಸ್’ ಪತ್ರಿಕೆಯ ಪಾಲುದಾರನೂ ಸಂಪಾದಕನೂ ಆದ. ಮುಂದೆ ಲೇಖಕನೆಂದು ಪ್ರಸಿದ್ಧನಾದ ವಿಲಿಯಂ ವೆಲ್ಸ್ ಬ್ರೌನ್ ಗುಲಾಮನಾಗಿದ್ದಾಗ ಬಾಡಿಗೆ ಆಳಾಗಿ ದುಡಿದದ್ದು ಈ ಪತ್ರಿಕೆಯ ಅಚ್ಚುಕೂಟದಲ್ಲಿಯೇ. ತಾನು ಕಲಿತ ಅಲ್ಪಸ್ವಲ್ಪ ವಿದ್ಯೆಗೆ ಅಲ್ಲಿನ ಕೆಲಸವೇ ಮುಖ್ಯ ಕಾರಣವೆಂದು ಬ್ರೌನ್ ತನ್ನ ಆತ್ಮಕಥೆಯಲ್ಲಿ ಲವ್‌ಜಾಯ್‌ನನ್ನು ಗೌರವದಿಂದ ಸ್ಮರಿಸಿದ್ದಾನೆ.

1832ರಲ್ಲಿ ಧಾರ್ಮಿಕ ಪ್ರಭಾವಕ್ಕೆ ಒಳಗಾದ ಲವ್‌ಜಾಯ್ ಪ್ರಿನ್ಸ್‌ಟನ್‌ನಲ್ಲಿ ದೇವತಾಶಾಸ್ತ್ರ ಓದಿ, ಮರಳಿ ಬಂದು 1833ರ ನವೆಂಬರಿನಲ್ಲಿ ‘ಸೇಂಟ್ ಲೂಯಿಸ್ ಅಬ್ಸರ್ವರ್’ ಎಂಬ ಧಾರ್ಮಿಕ ಪತ್ರಿಕೆಯನ್ನು ಆರಂಭಿಸಿದ. ಅದರ ಮೊದಲ ಸಂಚಿಕೆಗಳಲ್ಲಿ ಕ್ಯಾಥೊಲಿಕ್ ಪಂಥದ ಮೇಲಿನ ಟೀಕೆ ತೀಕ್ಷ್ಣವಾಗಿತ್ತು. ಗುಲಾಮಗಿರಿಯ ವಿಷಯದಲ್ಲಿ ಧೋರಣೆ ಮೆದುವಾಗಿಯೇ ಇತ್ತು. ಈತ ಹುಟ್ಟು ಹೋರಾಟಗಾರನಲ್ಲ. ವಿರೋಧ ಹೆಚ್ಚಿದಂತೆ ಈತನ ನಿಲುವು ಗಟ್ಟಿಯಾಯಿತೆಂಬುದು ಬರಹಗಳಿಂದ ಸ್ಪಷ್ಟವಾಗುತ್ತದೆ.

ಮೆಕಿಂಟಾಷ್ ಪ್ರಕರಣ

1836ರ ಏಪ್ರಿಲ್ 28ರಂದು ಫ್ರಾನ್ಸಿಸ್ ಮೆಕಿಂಟಾಷ್ ಎಂಬ ಸ್ವತಂತ್ರ ಕರಿಯ ಹಡಗು ಕಾರ್ಮಿಕನನ್ನು ಸೇಂಟ್ ಲೂಯಿಸ್‌ನ ಗುಂಪೊಂದು ಸೆರೆಮನೆಯಿಂದ ಎಳೆದೊಯ್ದು, ಮರಕ್ಕೆ ಕಟ್ಟಿ ಜೀವಂತ ಸುಟ್ಟಿತು. ಬಂಧನದ ವೇಳೆ ಅಧಿಕಾರಿಯೊಬ್ಬನನ್ನು ಇರಿದು ಕೊಂದನೆಂಬುದು ಅವನ ಮೇಲಿದ್ದ ಆರೋಪ. ವಿಚಾರಣೆಗೆ ಬಂದಾಗ ನ್ಯಾಯಾಧೀಶ ಲೂಕ್ ಲಾಲೆಸ್, ಕೃತ್ಯ ಕೆಲವೇ ವ್ಯಕ್ತಿಗಳದ್ದಾಗಿರದೆ ಜನಸಮೂಹದ್ದಾಗಿದ್ದರೆ ಅದು ಕಾನೂನಿನ ವ್ಯಾಪ್ತಿಗೆ ಮೀರಿದ್ದೆಂದು ಪಂಚರಿಗೆ ತಿಳಿಸಿದ. ಜೊತೆಗೆ ಲವ್‌ಜಾಯ್‌ನ ಪತ್ರಿಕೆಯಂಥವುಗಳ ಮೇಲೂ ದೋಷ ಹೊರಿಸಿದ. ನ್ಯಾಯಾಧೀಶನನ್ನು ಟೀಕಿಸಿ ಲವ್‌ಜಾಯ್ ಬರೆದ ಮೇಲೆ ಪತ್ರಿಕಾ ಕಚೇರಿ ಧ್ವಂಸವಾಯಿತು. ನದಿಯಾಚೆಯ, ಗುಲಾಮಗಿರಿಯನ್ನು ಕಾನೂನಿನಲ್ಲಿ ಒಪ್ಪದ ಇಲಿನಾಯ್ ರಾಜ್ಯಕ್ಕೆ ಪತ್ರಿಕೆ ಸ್ಥಳಾಂತರಗೊಂಡಿತು.

ಆಲ್ಟನ್‌ನಲ್ಲಿ

ಆಲ್ಟನ್‌ಗೆ ತಂದ ಯಂತ್ರವನ್ನು ದಡದಲ್ಲಿ ಇಟ್ಟಿದ್ದಾಗಲೇ ಯಾರೋ ನದಿಗೆ ತಳ್ಳಿದರು. ಪಟ್ಟಣದವರು ಇದನ್ನು ಖಂಡಿಸಿ ಹೊಸ ಯಂತ್ರಕ್ಕೆ ಹಣ ಕೂಡಿಸಿದರು. ಆ ಸಭೆಯಲ್ಲಿ ಲವ್‌ಜಾಯ್, ತನ್ನದು ಗುಲಾಮಗಿರಿ ನಿರ್ಮೂಲನೆಗೆಂದೇ ಮೀಸಲಾದ ಪತ್ರಿಕೆಯಲ್ಲವೆಂದೂ, ಆದರೆ ಬೇಕೆನಿಸಿದ್ದನ್ನು ಬರೆಯುವ ಹಕ್ಕನ್ನು ಬಿಟ್ಟುಕೊಡುವುದಿಲ್ಲವೆಂದೂ ಹೇಳಿದ. ಮಾತಿನ ಮೊದಲ ಭಾಗವನ್ನಷ್ಟೇ ನೆನಪಿಟ್ಟ ವಿರೋಧಿಗಳು ಮುಂದೆ ಈತನನ್ನು ವಚನಭ್ರಷ್ಟನೆಂದರು. ಆಲ್ಟನ್‌ನ ವ್ಯಾಪಾರ ಮಿಸಿಸಿಪಿಯ ಕೆಳಹರಿವಿನ ಗುಲಾಮ ರಾಜ್ಯಗಳೊಂದಿಗೆ ಬೆಸೆದುಕೊಂಡಿತ್ತು. 1837ರ ಆರ್ಥಿಕ ಕುಸಿತದಿಂದ ಕಂಗೆಟ್ಟ ವರ್ತಕರಿಗೆ ಈ ಸಂಪಾದಕನ ಇರವು ನಷ್ಟದ ಬಾಬತ್ತಾಗಿ ಕಂಡಿತು. ಆ ವರ್ಷ ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ ಇನ್ನೆರಡು ಯಂತ್ರಗಳು ನಾಶವಾದವು. ನವೆಂಬರ್ 3ರ ಸಭೆಯಲ್ಲಿ ಪಟ್ಟಣ ಬಿಡಬೇಕೆಂಬ ಒತ್ತಾಯ ಬಂದಾಗ ಲವ್‌ಜಾಯ್ ನಿರಾಕರಿಸಿದ.

ನಾಲ್ಕನೆಯ ಯಂತ್ರ ನವೆಂಬರ್ 7ರ ನಸುಕಿನಲ್ಲಿ ಹಡಗಿನಲ್ಲಿ ಬಂದಿತು. ಅದನ್ನು ಗಾಡ್‌ಫ್ರೀ ಮತ್ತು ಗಿಲ್ಮನ್ ಎಂಬ ವರ್ತಕರ ಕಲ್ಲಿನ ಉಗ್ರಾಣದಲ್ಲಿ ಇರಿಸಲಾಯಿತು. ಅಂದು ರಾತ್ರಿ ಗುಂಪು ಮುತ್ತಿಗೆ ಹಾಕಿದಾಗ ಎರಡೂ ಕಡೆಯಿಂದ ಗುಂಡು ಹಾರಿ, ಹೊರಗಿದ್ದ ಬಿಷಪ್ ಎಂಬಾತ ಸತ್ತ. ಏಣಿ ಹಾಕಿ ಚಾವಣಿಗೆ ಬೆಂಕಿ ಇಡುತ್ತಿದ್ದವರನ್ನು ತಡೆಯಲು ಹೊರಬಂದ ಲವ್‌ಜಾಯ್‌ಗೆ ಐದು ಗುಂಡುಗಳು ತಗುಲಿದವು. ಅನಂತರ ಒಳನುಗ್ಗಿದವರು ಯಂತ್ರವನ್ನು ಕಿಟಕಿಯಿಂದ ಕೆಳಗೆ ಕೆಡವಿ, ಒಡೆದು, ಚೂರುಗಳನ್ನು ನದಿಗೆಸೆದರು. 1838ರ ಜನವರಿಯಲ್ಲಿ ದಾಳಿ ಮಾಡಿದವರಂತೆ ಉಗ್ರಾಣವನ್ನು ರಕ್ಷಿಸಿದವರ ಮೇಲೂ ಮೊಕದ್ದಮೆ ನಡೆಯಿತು. ಯಾರಿಗೂ ಶಿಕ್ಷೆಯಾಗಲಿಲ್ಲ.

ಸಮಾಧಿ

ನವೆಂಬರ್ 8ರ ಬೆಳಗ್ಗೆ ಶವವನ್ನು ಮನೆಗೆ ಒಯ್ಯುವಾಗ ದಾರಿಯಲ್ಲಿ ನಿಂತವರು ಅಪಹಾಸ್ಯ ಮಾಡಿದರು. ಮರುದಿನ, ಈತನಿಗೆ 35 ವರ್ಷ ತುಂಬಬೇಕಾಗಿದ್ದ ದಿನವೇ, ಕೆಲವೇ ಮಿತ್ರರ ನಡುವೆ ಶವಸಂಸ್ಕಾರ ನಡೆಯಿತು. ಪಾದ್ರಿ ಥಾಮಸ್ ಲಿಪಿನ್‌ಕಾಟ್ ಪ್ರಾರ್ಥನೆ ಸಲ್ಲಿಸಿದ, ಉಪದೇಶ ಇರಲಿಲ್ಲ. ಗುರುತನ್ನೂ ನೆಡಲಿಲ್ಲ. ಮುಂದೆ ಅವಶೇಷಗಳನ್ನು ಅದೇ ಸ್ಮಶಾನದ ಬೇರೊಂದು ಜಾಗಕ್ಕೆ ಸಾಗಿಸಲಾಯಿತು. ಸಮಾಧಿಯ ಸ್ಥಳ ಮರೆತುಹೋಗದಂತೆ ಉಳಿದದ್ದು ಮುಖ್ಯವಾಗಿ ಶವವನ್ನು ಹೂಳಲು ನೆರವಾಗಿದ್ದ ಸ್ಕಾಚ್ ಜಾನ್‌ಸ್ಟನ್ ಎಂಬ ಕರಿಯ ವ್ಯಕ್ತಿಯ ನೆನಪಿನಿಂದ. ಪತ್ರಕರ್ತ ಥಾಮಸ್ ಡಿಮ್ಮಾಕ್ ಆತನ ನೆರವಿನಿಂದ ಜಾಗವನ್ನು ಖಚಿತಪಡಿಸಿಕೊಂಡು ಅಲ್ಲಿ ಕಲ್ಲು ಹಾಕಿಸಿದ. ಇಲ್ಲಿ ಲವ್‌ಜಾಯ್ ಮಲಗಿದ್ದಾನೆ, ಹೂಳಲ್ಪಟ್ಟವನನ್ನು ಇನ್ನಾದರೂ ನೆಮ್ಮದಿಯಾಗಿರಲು ಬಿಡಿ ಎಂಬರ್ಥದ ಲ್ಯಾಟಿನ್ ಬರಹ ಅದರ ಮೇಲಿದೆ.

ಪ್ರಭಾವ ಮತ್ತು ಸ್ಮರಣೆ

ಈ ಹತ್ಯೆಯನ್ನು ಖಂಡಿಸಲು 1837ರ ಡಿಸೆಂಬರಿನಲ್ಲಿ ಬಾಸ್ಟನ್‌ನ ಫ್ಯಾನ್ಯುಯಲ್ ಹಾಲ್‌ನಲ್ಲಿ ಸೇರಿದ ಸಭೆಯಲ್ಲಿ ಮಾಡಿದ ಭಾಷಣದಿಂದ ವೆಂಡೆಲ್ ಫಿಲಿಪ್ಸ್ ಪ್ರಸಿದ್ಧನಾದ. ಮರುತಿಂಗಳು ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಮಾತನಾಡಿದ ಯುವ ವಕೀಲ ಅಬ್ರಹಾಂ ಲಿಂಕನ್, ಮೆಕಿಂಟಾಷ್‌ನನ್ನು ಹೆಸರಿಸಿದ. ಲವ್‌ಜಾಯ್‌ನ ಹೆಸರೆತ್ತದೆ, ಮುದ್ರಣಯಂತ್ರಗಳನ್ನು ನದಿಗೆಸೆದು ಸಂಪಾದಕರನ್ನು ಕೊಲ್ಲುವ ಗುಂಪುಗಳ ಬಗ್ಗೆ ಎಚ್ಚರಿಸಿದ. ಸೋದರರಾದ ಜೋಸೆಫ್ ಮತ್ತು ಓವನ್ 1838ರಲ್ಲಿ ಪ್ರಕಟಿಸಿದ ಜೀವನಚರಿತ್ರೆಗೆ ಮಾಜಿ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಮುನ್ನುಡಿ ಬರೆದ. ಓವನ್ ಮುಂದೆ ಅಮೆರಿಕದ ಸಂಸತ್ತಿನ ಸದಸ್ಯನಾಗಿ ಗುಲಾಮಗಿರಿಯ ವಿರುದ್ಧ ಹೋರಾಡಿದ.

ಆಲ್ಟನ್ ಸ್ಮಶಾನದಲ್ಲಿ 1897ರಲ್ಲಿ ಸುಮಾರು 110 ಅಡಿ ಎತ್ತರದ ಸ್ಮಾರಕಸ್ತಂಭ ಅನಾವರಣಗೊಂಡಿತು. ಕೋಲ್ಬಿ ಕಾಲೇಜು 1952ರಿಂದ ಈತನ ಹೆಸರಿನಲ್ಲಿ ಪತ್ರಕರ್ತರಿಗೆ ಪ್ರಶಸ್ತಿ ನೀಡುತ್ತಿದೆ. ಮಿಸಿಸಿಪಿಯಲ್ಲಿ ಮುಳುಗಿದ್ದ ಯಂತ್ರವೊಂದರ ಚೌಕಟ್ಟಿನ ಭಾಗ 1915ರಲ್ಲಿ ದೊರೆಯಿತು. ಅದನ್ನು ಪಟ್ಟಣದ ‘ಆಲ್ಟನ್ ಟೆಲಿಗ್ರಾಫ್’ ಪತ್ರಿಕೆಯ ಕಚೇರಿಯಲ್ಲಿ ಪ್ರದರ್ಶನಕ್ಕೆ ಇರಿಸಲಾಗಿತ್ತು.