ನಲಿ-ಕಲಿ
ಪ್ರಾಥಮಿಕ ಶಿಕ್ಷಣದ ಗುಣವನ್ನು ಉಪಾಧ್ಯಾಯರ ಶಿಕ್ಷಣದ ಮೂಲಕವೇ ಉನ್ನತಗೊಳಿಸಲು ಕರ್ನಾಟಕದಲ್ಲಿ ಕೈಗೊಂಡ ಬೋಧನಕ್ರಮ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಉಪಾಧ್ಯಾಯರು, ಯುನಿಸೆಫ್ ಸಂಸ್ಥೆಯ ನೆರವಿನಿಂದ, ಆಂಧ್ರಪ್ರದೇಶದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ಸಂದರ್ಶಿಸಿ, ಒಬ್ಬನೇ ಗುರು ಹಲವು ತರಗತಿಗಳ ಮಕ್ಕಳಿಗೆ ಒಟ್ಟಿಗೆ ಕಲಿಸುವ ಪರಿಯನ್ನು ಕಣ್ಣಾರೆ ಕಂಡು, ಹಿಂದಿರುಗಿದ ತರುವಾಯ ತಮ್ಮ ಮಕ್ಕಳ ನುಡಿಗೂ ಪರಿಸರಕ್ಕೂ ಒಪ್ಪುವ ಕಲಿಕಾ ಕಾರ್ಡುಗಳನ್ನು ತಾವೇ ರಚಿಸಿಕೊಂಡುದು ಇದರ ಮೂಲ. ಮೇಲಿನಿಂದ ಇಳಿದುಬಂದ ಉಪನ್ಯಾಸಗಳಿಗಿಂತ, ತರಗತಿಯ ಕಷ್ಟವನ್ನು ಬಲ್ಲ ಉಪಾಧ್ಯಾಯರೇ ಸಹೋದ್ಯೋಗಿಗಳಿಗೆ ತರಬೇತಿ ನೀಡಿದುದೇ ಇದರ ನಿಜವಾದ ಸತ್ತ್ವವೆಂದು ಹೇಳಬೇಕು.

ಮಗು, ಕಲಿಕೆಯ ಹಂತಗಳನ್ನು ಕ್ರಮವಾಗಿ ತೋರಿಸುವ ಕಲಿಕಾ ಏಣಿಯಲ್ಲಿ ತಾನಿರುವ ಮೆಟ್ಟಿಲನ್ನು ಗುರುತಿಸಿ, ಅದಕ್ಕೆ ಸಲ್ಲುವ ಕಾರ್ಡನ್ನು ತಾನೇ ತೆಗೆದುಕೊಂಡು, ತನ್ನ ಗುಂಪನ್ನು ಸೂಚಿಸುವ ತಟ್ಟೆಯ ಸುತ್ತ ಕುಳಿತು, ಕೆಲವೊಮ್ಮೆ ಗುರುವಿನ, ಕೆಲವೊಮ್ಮೆ ಗೆಳೆಯರ ಸಹಾಯದಿಂದ ತನ್ನ ಗತಿಯಲ್ಲೇ ಮುಂದುವರಿಯುತ್ತದೆ. ಜ್ವರದಿಂದ ಶಾಲೆ ತಪ್ಪಿಸಿದ ಮಗು ಮರಳಿದಾಗ ಬಿಟ್ಟ ಮೆಟ್ಟಿಲಿನಿಂದಲೇ ಆರಂಭಿಸುವುದರಿಂದ ಹಿಂದುಳಿದೆನೆಂಬ ಅವಮಾನಕ್ಕೆ ಎಡೆಯಿಲ್ಲ. ತರಗತಿಯಲ್ಲಿ ಮಕ್ಕಳ ಚಿತ್ರಗಳು ತಲೆಯ ಮೇಲಿನ ಚಪ್ಪರದಲ್ಲಿ ತೂಗಾಡುತ್ತವೆ.

2009-10ರಲ್ಲಿ ಈ ಬೋಧನಕ್ರಮ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆ ವಿಸ್ತರಿಸಿತು. ತಾವೇ ಕಟ್ಟಿದ ಕ್ರಮದಲ್ಲಿ ಆ ಮೊದಲ ಉಪಾಧ್ಯಾಯರಿಗಿದ್ದ ಶ್ರದ್ಧೆಯನ್ನು, ಸಿದ್ಧ ಕಾರ್ಡುಗಳನ್ನು ಪಡೆಯುವವರಲ್ಲಿಯೂ ಮೂಡಿಸುವುದು ಈ ವಿಸ್ತರಣೆಯ ಅತಿ ಕಠಿಣವಾದ ಭಾಗ.