ನಿಯರ್

ತ್ಸುಗುಮಿ ಓಬಾ ಅವರ ಕಥೆ ಮತ್ತು ತಾಕೆಶಿ ಓಬಾತಾ ಅವರ ಚಿತ್ರಗಳೊಡನೆ 2003ರಿಂದ 2006ರವರೆಗೆ ‘ವೀಕ್ಲಿ ಶೋನೆನ್ ಜಂಪ್’ ಪತ್ರಿಕೆಯಲ್ಲಿ 108 ಅಧ್ಯಾಯಗಳಾಗಿ ಪ್ರಕಟವಾದ ‘ಡೆತ್ ನೋಟ್’ ಎಂಬ ಜಪಾನೀ ಮಾಂಗಾದ ಉತ್ತರಾರ್ಧದಲ್ಲಿ ಪ್ರವೇಶಿಸುವ ಪಾತ್ರ. ವಾಚಕವರ್ಗವನ್ನು ಇಬ್ಭಾಗಗೊಳಿಸಿದ ಪಾತ್ರಗಳಿಗೆ ಪ್ರಸಿದ್ಧ ನಿದರ್ಶನ.

ಹೆಸರು ಬರೆದರೆ ಮನುಷ್ಯರನ್ನು ಕೊಲ್ಲುವ ಪುಸ್ತಕವನ್ನು ಪಡೆದ ಲೈಟ್ ಯಾಗಾಮಿಗೂ ಅವನನ್ನು ಬೆನ್ನಟ್ಟಿದ ಪತ್ತೇದಾರ ಎಲ್‌ಗೂ ನಡೆದ ಬುದ್ಧಿಸಮರವೇ ಕೃತಿಯ ಜೀವಾಳವಾಗಿದ್ದುದರಿಂದ, ಏಳನೆಯ ಸಂಪುಟದಲ್ಲಿ ಎಲ್ ಮಡಿದ ತರುವಾಯ, ಇಂಗ್ಲೆಂಡಿನ ಅನಾಥಾಲಯವೊಂದರಲ್ಲಿ ಬೆಳೆದು, ಆಟಿಕೆಗಳ ನಡುವೆ ಕುಳಿತು ತರ್ಕಿಸುವ ಈ ಶ್ವೇತಕೇಶಿ ತರುಣನು ಉತ್ತರಾಧಿಕಾರಿಯಾಗಿ ಬಂದಾಗ, ಅವನು ಮೃತನ ಮಸುಕು ಪ್ರತಿಬಿಂಬವೆಂದೇ ಅನೇಕರು ಬಗೆದರು. ಎಲ್ ತನ್ನ ವೈರಿಯೊಡನೆ ಒಂದೇ ಕೈಕೋಳದಲ್ಲಿ ಬಂಧಿತನಾಗಿ ಬಾಳಿದವನು. ನಿಯರನಾದರೋ ಬಹುಪಾಲು ದೂರವಾಣಿಯ ಹಾಗೂ ಪರದೆಗಳ ಮರೆಯಿಂದಲೇ ಹೋರಾಡಿದನಾದಕಾರಣ, ದ್ವಂದ್ವದ ಭಾವತೀವ್ರತೆಯು ಕ್ಷೀಣಿಸಿತು.

ಆದರೂ ಅವನ ಅಂತಿಮ ಜಯವು ಎಲ್‌ನ ಉತ್ತರಾಧಿಕಾರಕ್ಕೆ ಪ್ರತಿಸ್ಪರ್ಧಿಯಾದ ಮೆಲ್ಲೋನ ಸಾಹಸವಿಲ್ಲದೆ ಸಾಧ್ಯವಾಗುತ್ತಿರಲಿಲ್ಲವೆಂಬುದನ್ನೂ, ಎಲ್ ಒಬ್ಬನ ಸ್ಥಾನವನ್ನು ತುಂಬಲು ಇಬ್ಬರು ಬೇಕಾದರೆಂಬುದನ್ನೂ ಗಮನಿಸಿದರೆ, ನ್ಯೂನತೆಯು ಪಾತ್ರಕ್ಕಿಂತ ಹೆಚ್ಚಾಗಿ ಅದಕ್ಕೆ ದೊರೆತ ಅವಕಾಶದ ಅಲ್ಪತೆಯಲ್ಲಿದೆಯೆಂದು ಹೇಳುವುದು ನ್ಯಾಯವಾದೀತು.