ಕ್ಯಾಮರಾದ ಮುಂದೆ ಪ್ಯೂಬ್ಲೊ ಜನ

ಅಮೆರಿಕದ ನ್ಯೂ ಮೆಕ್ಸಿಕೊ ಮತ್ತು ಅರಿಝೋನಾದ ಒಣ ನೆಲದಲ್ಲಿ ಶತಮಾನಗಳಿಂದ ಮೆಕ್ಕೆಜೋಳ ಬೆಳೆದು ಬಾಳಿದ ಮೂಲನಿವಾಸಿಗಳಿಗೆ ‘ಪ್ಯೂಬ್ಲೊ’ ಎಂದು ಹೆಸರಿಟ್ಟವರು ಸ್ಪೇನಿನವರು. ಅವರ ಭಾಷೆಯಲ್ಲಿ ಅದಕ್ಕೆ ಊರು ಎಂದರ್ಥ. ಕಲ್ಲು-ಮಣ್ಣಿನ ಮನೆಗಳು ಒಂದರ ಮೇಲೊಂದು ಏರಿರುವ, ಏಣಿ ಹತ್ತಿ ಮಾಳಿಗೆಯಿಂದ ಒಳಗಿಳಿಯುವ ಆ ಊರುಗಳ ಹಳೆಯ ಫೋಟೋಗಳು ಜಗತ್ಪ್ರಸಿದ್ಧ. ಅವುಗಳನ್ನು ಯಾರು, ಯಾಕಾಗಿ ತೆಗೆದರು?

1873ರಲ್ಲಿ ಸೇನೆಯ ಭೂಮಾಪನ ತಂಡದೊಂದಿಗೆ ಬಂದ ಟಿಮೊಥಿ ಒಸಲಿವನ್ ಜೂನಿ ಎಂಬ ಊರನ್ನು ಚಿತ್ರಿಸಿದ್ದ. ಆದರೆ ವ್ಯವಸ್ಥಿತ ಕೆಲಸ ನಡೆದದ್ದು 1879ರಲ್ಲಿ. ಆ ವರ್ಷ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿ ಜನಾಂಗ ಅಧ್ಯಯನದ ಸರಕಾರಿ ವಿಭಾಗ ಹುಟ್ಟಿಕೊಂಡಿತು. ಅದರ ಮೊದಲ ತಂಡ ಜೂನಿಗೆ ಹೊರಟಿತು. ಜೇಮ್ಸ್ ಸ್ಟೀವನ್ಸನ್ ಅದರ ಮುಖ್ಯಸ್ಥ. ಜೊತೆಗೆ ಪತ್ನಿ ಮೆಟಿಲ್ಡಾ, ಯುವಕ ಫ್ರಾಂಕ್ ಕುಶಿಂಗ್, ಛಾಯಾಗ್ರಾಹಕ ಜಾನ್ ಹಿಲರ್ಸ್. ಜರ್ಮನಿಯಲ್ಲಿ ಹುಟ್ಟಿದ ಹಿಲರ್ಸ್ 1871ರಲ್ಲಿ ಕೊಲರಾಡೊ ನದಿಯ ಶೋಧಯಾತ್ರೆಗೆ ದೋಣಿಯಾಳಾಗಿ ಸೇರಿ, ದಾರಿಯಲ್ಲೇ ಕ್ಯಾಮರಾ ಕಲಿತವನು.

ಸ್ಟೀವನ್ಸನ್ ಮಡಕೆ, ಬುಟ್ಟಿ, ಆಯುಧ, ಪೂಜಾ ವಸ್ತುಗಳನ್ನು ಸಾವಿರಗಟ್ಟಲೆ ಸಂಗ್ರಹಿಸಿ ವಾಷಿಂಗ್ಟನ್ನಿಗೆ ಸಾಗಿಸಿದ. ಹಿಲರ್ಸ್ ಮಾಳಿಗೆ, ಬೀದಿ, ಮುಖಗಳನ್ನು ಗಾಜಿನ ಫಲಕಗಳಲ್ಲಿ ಸಾಗಿಸಿದ. ಎರಡರ ಹಿಂದೆಯೂ ಇದ್ದದ್ದು ಒಂದೇ ನಂಬಿಕೆ: ಈ ಜನ ಹೇಗೂ ಅಳಿದುಹೋಗುವವರು, ಅದಕ್ಕೆ ಮುನ್ನ ಸಿಕ್ಕಿದ್ದನ್ನು ಬಾಚಿಕೊಳ್ಳಬೇಕು. ಚಿತ್ರಗಳು ಸುಂದರವಾಗಿವೆ, ನಿಜ. ಆದರೆ ಅನೇಕ ಚಿತ್ರಗಳ ಕೆಳಗೆ ಮನುಷ್ಯರ ಹೆಸರೇ ಇಲ್ಲ, ಬುಡಕಟ್ಟಿನ ಹೆಸರಷ್ಟೇ ಇದೆ. ಹೆಸರು ಉಳಿದವರೂ ಉಂಟೆನ್ನಿ. ಜೂನಿಯ ನೇಕಾರ ವೀವಾ 1886ರಲ್ಲಿ ವಾಷಿಂಗ್ಟನ್ನಿಗೆ ಹೋಗಿ ಅಧ್ಯಕ್ಷ ಕ್ಲೀವ್‌ಲ್ಯಾಂಡ್‌ರನ್ನೇ ಭೇಟಿಯಾದ ಗಣ್ಯ ವ್ಯಕ್ತಿ.

ಊರವರು ಸುಮ್ಮನೆ ಪಟಕ್ಕೆ ನಿಂತರೆಂದು ತಿಳಿಯಬೇಕಿಲ್ಲ. ಪವಿತ್ರ ನೃತ್ಯಗಳನ್ನು ಕುಶಿಂಗ್ ಕಾಗದದ ಮೇಲೆ ಬರೆಯತೊಡಗಿದಾಗ ಅವರು ಸಿಟ್ಟಾಗಿ ತಡೆದರು. ಆತನೇ ಅದನ್ನು ದಾಖಲಿಸಿದ್ದಾನೆ. ಆತ ಅಲ್ಲೇ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಉಳಿದು ಅವರ ಭಾಷೆ ಕಲಿತವನು. ಅಂಥವನಿಗೇ ಹೀಗಾದರೆ ಉಳಿದವರ ಮಾತೇನು!

1880ರಲ್ಲಿ ರೈಲು ಆಲ್ಬುಕರ್ಕಿ ತಲುಪಿತು. ಅದರ ಬೆನ್ನಿಗೆ ಪ್ರವಾಸಿಗರು ಬಂದರು. ಅರಿಝೋನಾದ ಹೋಪಿ ಜನರ ಹಾವಿನ ನೃತ್ಯ ಅವರಿಗೆ ತಮಾಷೆಯಾಯಿತು. ಹೋಪಿಗಳಿಗಾದರೋ ಅದು ಮಳೆಗಾಗಿ ಮಾಡುವ ಪ್ರಾರ್ಥನೆ. ಪ್ರತಿ ಆಗಸ್ಟಿನಲ್ಲಿ ಕ್ಯಾಮರಾಗಳ ನೂಕುನುಗ್ಗಲು ಶುರುವಾಯಿತು. 1895ರಿಂದ ಅಲ್ಲಿಗೆ ಬರುತ್ತಿದ್ದ, ಪುಸ್ತಕದಂಗಡಿಯ ಆಡಮ್ ವ್ರೋಮನ್‌ನಂತೆ ಜನರ ಸ್ನೇಹ ಗಳಿಸಿದವರೂ ಇದ್ದರು. ಆದರೆ ಗುಂಪು ಗುಂಪೇ. ಹೋಪಿಗಳು ಮೊದಲು ಛಾಯಾಗ್ರಾಹಕರಿಗೆ ನಿಲ್ಲಲು ಒಂದು ಜಾಗ ಗೊತ್ತುಮಾಡಿದರು. 20ನೇ ಶತಮಾನದ ಆರಂಭದ ದಶಕಗಳಲ್ಲಿ ಆಚರಣೆಗಳ ಫೋಟೋ ತೆಗೆಯುವುದನ್ನೇ ನಿಲ್ಲಿಸಿದರು.

ಅಳಿದುಹೋಗುತ್ತಾರೆಂದು ಬರೆದಿಟ್ಟವರೇ ಅಳಿದರು. ನ್ಯೂ ಮೆಕ್ಸಿಕೊದಲ್ಲೇ ಇಂದು 19 ಪ್ಯೂಬ್ಲೊಗಳಿವೆ. ಹಲವು ಊರುಗಳಲ್ಲಿ ಅನುಮತಿಯಿಲ್ಲದೆ ಫೋಟೋ ತೆಗೆಯುವಂತಿಲ್ಲ, ಕೆಲವೆಡೆ ತೆಗೆಯುವಂತೆಯೇ ಇಲ್ಲ. ಜೂನಿ ಜನ ತಮ್ಮದೇ ಮ್ಯೂಸಿಯಂ ಕಟ್ಟಿಕೊಂಡು ಸ್ಮಿತ್ಸೋನಿಯನ್‌ನಿಂದ ಹಳೆಯ ಚಿತ್ರಗಳ ಪ್ರತಿಗಳನ್ನು ತರಿಸಿಕೊಂಡರು. ಮನೆ, ಹೊಲ, ಬಂಧುಗಳ ಚಿತ್ರಗಳು ಎಲ್ಲರ ನೋಟಕ್ಕೆ ಉಳಿದವು. ಪವಿತ್ರ ಆಚರಣೆಗಳ ಚಿತ್ರಗಳನ್ನು ಬೇರ್ಪಡಿಸಿ, ನೋಡುವ ಹಕ್ಕಿರುವ ಧಾರ್ಮಿಕ ಹಿರಿಯರ ವಶಕ್ಕೆ ಕೊಡಲಾಯಿತು.